ಚಾಕುವಿನ ಹೊಳಪು ಸಾಕು, ಉಕ್ಕು ಯಾವುದೆಂದು ಹೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಗೃಹಪ್ರವೇಶಕ್ಕೆ ಕೊಡಬಹುದಾದ ಉಡುಗೊರೆಗಳ ಪಟ್ಟಿ ಪ್ರಕಟವಾಗಿತ್ತು. ಮರದ ಗೂಡಿನ ಸಮೇತ ಬರುವ ಅಡುಗೆ ಚಾಕುಗಳ ಸೆಟ್ಟನ್ನು ಅದರಲ್ಲಿ ಬಹಳವಾಗಿ ಹೊಗಳಲಾಗಿತ್ತು. ಅಲಗಿಗೆ ಕಪ್ಪು ಲೇಪ, ಅಮೃತಶಿಲೆಯಂತೆ ಕಾಣುವ ಹಿಡಿ, ‘ಎಂದೂ ಸಾಣೆ ಬೇಡ’ ಎಂಬ ಭರವಸೆ, ಇವೆಲ್ಲವನ್ನೂ ಗುಣಗಳೆಂದು ಬರೆಯಲಾಗಿತ್ತು. ಆ ಅಲಗು ಯಾವ ಉಕ್ಕಿನದು ಎಂಬ ಒಂದು ಮಾತೂ ಬರಹದಲ್ಲಿ ಇರಲಿಲ್ಲ. ಅಡುಗೆಮನೆಗೆ ಚಾಕು ಕೊಳ್ಳುವವರು ಮೊದಲು ಕೇಳಬೇಕಾದದ್ದು ಅದನ್ನೇ. ಅದಕ್ಕಾಗಿ ಈ ಪತ್ರ.

ನಾನು ಕಲಬುರಗಿಯ ಶಹಾಬಜಾರಿನಲ್ಲಿ ಖಾನಾವಳಿ ನಡೆಸುವವಳು. ತವರು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ತಂದೆ ಕಮ್ಮಾರರು, ಮದುವೆಯಾಗಿ ಬರುವ ತನಕ ಅವರ ಕುಲುಮೆಯಲ್ಲಿ ತಿದಿ ಒತ್ತುವುದು ನನ್ನ ಕೆಲಸವಾಗಿತ್ತು. ಈಗ ಬೆಳಗಾದರೆ ಕಣ್ಣಿ ಮಾರ್ಕೆಟ್‌ನಿಂದ ಬರುವ ಉಳ್ಳಾಗಡ್ಡಿಯ ಚೀಲ, ಬದನೆಕಾಯಿ, ಪುಂಡಿ, ಮೆಂತ್ಯ ಎಲ್ಲವನ್ನೂ ಊಟದ ಹೊತ್ತಿಗೆ ಮುಂಚೆ ಹೆಚ್ಚಿ ಮುಗಿಸಬೇಕು. ನನ್ನ ಜೊತೆ ಕೆಲಸ ಮಾಡುವ ಹೆಣ್ಣುಮಕ್ಕಳ ಕೈ ಇಡೀ ದಿನ ಚಾಕುವಿನ ಮೇಲೆಯೇ ಇರುತ್ತದೆ. ಪತ್ರ ಉದ್ದವಾಗಿದೆ, ಮೊಟಕುಗೊಳಿಸದೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಸ್ಟೀಲ್ ಎಂದರೆ ಎಲ್ಲವೂ ಒಂದೇ ಎಂದು ಅಂಗಡಿಯವರು ಹೇಳುತ್ತಾರೆ, ನಾವೂ ನಂಬುತ್ತೇವೆ. ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಪಾತ್ರೆ ಅಂಗಡಿಯಲ್ಲಿ ಚಾಕು ಕೈಗೆತ್ತಿಕೊಂಡು ‘ಇದು ಯಾವ ಸ್ಟೀಲ್?’ ಎಂದು ಕೇಳಿದೆ. ‘ಅಕ್ಕ, ಅಪ್ಪಟ ಸ್ಟೀಲ್, ಊಟದ ತಟ್ಟೆಗೆ ಹಾಕುವ ಸ್ಟೀಲೇ ಇದಕ್ಕೂ ಹಾಕಿದ್ದಾರೆ’ ಎಂದು ಹುಡುಗ ಹೆಮ್ಮೆಯಿಂದ ಹೇಳಿದ. ಅವನ ಮಾತು ನಿಜವೇ ಆಗಿದ್ದರೆ ಆ ಚಾಕುವನ್ನು ಯಾರೂ ಕೊಳ್ಳಬಾರದು. ಒಳ್ಳೆಯ ತಟ್ಟೆ, ಲೋಟ, ಡಬ್ಬಿಗಳಿಗೆ ಬಳಸುವ ಸ್ಟೀಲಿನಲ್ಲಿ ಶೇ 18ರಷ್ಟು ಕ್ರೋಮಿಯಂ, ಶೇ 8ರಷ್ಟು ನಿಕಲ್ ಇರುತ್ತದೆ. 18/8 ಎಂದೋ 304 ಎಂದೋ ಪಾತ್ರೆಯ ತಳದಲ್ಲಿ ಮುದ್ರೆ ಇರುವುದು ಇದಕ್ಕೇ. ಹುಣಸೆಹಣ್ಣು ಹಾಕಿದರೂ ತುಕ್ಕು ಹಿಡಿಯದ ಉತ್ತಮ ಲೋಹ ಅದು. ಆದರೆ ಅದರಲ್ಲಿ ಇಂಗಾಲ ಶೇ 0.08ನ್ನು ಮೀರುವುದಿಲ್ಲ. ಇಂಗಾಲವಿಲ್ಲದ ಉಕ್ಕನ್ನು ಎಷ್ಟೇ ಕಾಯಿಸಿ ಅದ್ದಿದರೂ ಗಡುಸಾಗದು. ಗಡುಸಾಗದ ಲೋಹಕ್ಕೆ ಹರಿತವಾದ ಅಂಚು ಕೂರಿಸಿದರೆ ನಾಲ್ಕು ಉಳ್ಳಾಗಡ್ಡಿ ಹೆಚ್ಚುವಷ್ಟರಲ್ಲಿ ಅಂಚು ಮಡಚಿಕೊಳ್ಳುತ್ತದೆ. ತಟ್ಟೆಗೆ ಒಳ್ಳೆಯದಾದದ್ದು ಚಾಕುವಿಗೂ ಒಳ್ಳೆಯದೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಚಾಕುವಿಗೆ ಬೇಕಾದದ್ದು ಇಂಗಾಲವುಳ್ಳ, ಕಾಯಿಸಿ ಗಡುಸು ಮಾಡಿದ ಉಕ್ಕು. ಅಪ್ಪ ಲಾರಿಯ ಹಳೆಯ ಕಮಾನು ಪಟ್ಟಿಗಳನ್ನು ಗುಜರಿಯಿಂದ ತರುತ್ತಿದ್ದರು. ಪ್ರತಿ ತುಂಡನ್ನೂ ಮೊದಲು ಸಾಣೆಚಕ್ರಕ್ಕೆ ಹಿಡಿದು ಕಿಡಿ ನೋಡುತ್ತಿದ್ದರು. ಮೆತ್ತನೆಯ ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆ ಎಳೆದಂತೆ ಹೋಗಿ ಆರಿಬಿಡುತ್ತದೆ. ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿ ಚಕ್ರದ ಹತ್ತಿರವೇ ಸಿಡಿದು ಕವಲು ಕವಲಾಗಿ ಹರಡುತ್ತದೆ. ಕಿಡಿ ಕವಲೊಡೆಯದ ತುಂಡನ್ನು ಅವರು ಈಳಿಗೆಗಾಗಲಿ ಕುಡಗೋಲಿಗಾಗಲಿ ಬಳಸುತ್ತಿರಲಿಲ್ಲ. ಬಾಗಿಲ ಚಿಲಕಕ್ಕೆ, ಕೊಂಡಿಗೆ ಎತ್ತಿಡುತ್ತಿದ್ದರು. ನನ್ನ ತಮ್ಮ ಐಟಿಐ ಓದಿ ಲೇತ್ ಕೆಲಸಕ್ಕೆ ಸೇರಿದ ಮೇಲೆ ಅಪ್ಪ ಕಣ್ಣಳತೆಯಲ್ಲಿ ಹೇಳುತ್ತಿದ್ದುದಕ್ಕೆಲ್ಲ ಅಂಕಿ ಕೊಟ್ಟ. ಕಮಾನು ಪಟ್ಟಿಯ ಉಕ್ಕಿನಲ್ಲಿ ಇಂಗಾಲ ಶೇ 0.5ರಿಂದ 0.6ರಷ್ಟು ಇರುತ್ತದೆ, ಅಂಚು ಹಿಡಿಯಲು ಅಷ್ಟು ಸಾಕು ಎಂದು ಅವನಿಂದ ತಿಳಿಯಿತು.

ಕಾಯಿಸುವುದರ ಹದವೂ ಉಕ್ಕಿನಷ್ಟೇ ಮುಖ್ಯ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಅಲಗು ಗಾಜಿನಂತೆ ಪೆಡಸಾಗಿರುತ್ತದೆ, ಕೈತಪ್ಪಿ ಬಿದ್ದರೆ ಮುರಿಯುತ್ತದೆ. ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಸಣ್ಣ ಶಾಖಕ್ಕೆ ಹಿಡಿಯಬೇಕು. ಆಗ ಮೊದಲು ಒಣಹುಲ್ಲಿನ ಹಳದಿ ಬಣ್ಣ ಮೂಡುತ್ತದೆ. ಅದು ಸುಮಾರು 220 ಡಿಗ್ರಿ ಸೆಲ್ಸಿಯಸ್. ಆಮೇಲೆ ಕಂದು, ನೇರಳೆ, 300 ಡಿಗ್ರಿಯ ಸುಮಾರಿಗೆ ನೀಲಿ. ಚಾಕುವನ್ನು ಹಳದಿಯಲ್ಲೇ ನಿಲ್ಲಿಸಬೇಕು, ಪೆಟ್ಟು ತಿನ್ನುವ ಕೊಡಲಿಯನ್ನು ನೇರಳೆಯವರೆಗೆ ಬಿಡಬಹುದು. ಈ ಬಣ್ಣಗಳು ಬಿಸಿಲಲ್ಲಿ ಸರಿಯಾಗಿ ಕಾಣುವುದಿಲ್ಲ ಎಂದು ಅಪ್ಪ ಅಲಗುಗಳ ಹದವನ್ನು ಸಂಜೆಯ ಹೊತ್ತಿಗೇ ಇಟ್ಟುಕೊಳ್ಳುತ್ತಿದ್ದರು. ಒಂದೇ ಉಕ್ಕಿನ ಎರಡು ಚಾಕುಗಳಲ್ಲಿ ಒಂದು ಬಾಳುತ್ತದೆ, ಇನ್ನೊಂದು ಬಾಳುವುದಿಲ್ಲ, ಕಾರಣ ಇಲ್ಲಿದೆ. ಕಾರ್ಖಾನೆಯಲ್ಲೂ ಇದೇ ಕೆಲಸ ಕುಲುಮೆಯ ಬದಲು ವಿದ್ಯುತ್ ಒಲೆಯಲ್ಲಿ ನಡೆಯುತ್ತದೆ. ಅಗ್ಗದ ಚಾಕುವಿನಲ್ಲಿ ಹಣ ಉಳಿಸಲು ಮೊದಲು ಕೈಬಿಡುವುದು ಈ ಹದವನ್ನೇ, ಏಕೆಂದರೆ ಅದು ಅಂಗಡಿಯಲ್ಲಿ ಯಾರ ಕಣ್ಣಿಗೂ ಕಾಣುವುದಿಲ್ಲ.

ತುಕ್ಕಿನ ಪ್ರಶ್ನೆ ಬಂದೇ ಬರುತ್ತದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬುವರು ಕ್ರೋಮಿಯಂ ಬೆರೆಸಿದ ಉಕ್ಕನ್ನು ತಯಾರಿಸಿದರು. ಚಾಕು, ಚಮಚ ಮಾಡುವವರ ಆ ಊರಿನಲ್ಲಿ ಅದು ಬೇಗನೆ ಚಾಕುವಿಗೆ ಬಂತು. ಕ್ರೋಮಿಯಂ ಶೇ 10.5ಕ್ಕಿಂತ ಹೆಚ್ಚಿದ್ದರೆ ಅಲಗಿನ ಮೇಲೆ ಕಣ್ಣಿಗೆ ಕಾಣದ ಪದರವೊಂದು ಏರ್ಪಟ್ಟು ತುಕ್ಕನ್ನು ತಡೆಯುತ್ತದೆ. ಇಂಗಾಲವೂ ಇದ್ದು ಕ್ರೋಮಿಯಂ ಕೂಡ ಇರುವ ಉಕ್ಕೇ ಇಂದಿನ ಒಳ್ಳೆಯ ಅಡುಗೆ ಚಾಕುವಿನ ಉಕ್ಕು. ಜರ್ಮನಿಯ ಅನೇಕ ಚಾಕುಗಳ ಅಲಗಿನ ಮೇಲೆ ‘ಎಕ್ಸ್50’ ಎಂದು ಆರಂಭವಾಗಿ 15ರಲ್ಲಿ ಮುಗಿಯುವ ಗುರುತು ಇರುತ್ತದೆ. ಮೊದಲ 50 ಎಂದರೆ ಶೇ 0.5 ಇಂಗಾಲ, ಕೊನೆಯ 15 ಎಂದರೆ ಶೇ 15 ಕ್ರೋಮಿಯಂ. ಕೊಳ್ಳುವವರಿಗೆ ಎಲ್ಲವನ್ನೂ ಅಲಗಿನ ಮೇಲೆಯೇ ಹೇಳಿಬಿಟ್ಟಿದ್ದಾರೆ. ಕೆಲವು ಚಾಕುಗಳ ಮೇಲೆ 420 ಎಂದಿರುತ್ತದೆ. ಆ ಗುಂಪಿನ ಉಕ್ಕುಗಳು ಸಾಮಾನ್ಯವಾಗಿ ಮೆತ್ತಗೆ, ದಿನಬಳಕೆಗೆ ಆದೀತು, ಪದೇ ಪದೇ ಸಾಣೆ ಬೇಕು. 440 ಸಿ ಎಂದಿದ್ದರೆ ಇಂಗಾಲ ಶೇ 1ರ ಸುಮಾರಿನದು, ಅಂಚು ಹೆಚ್ಚು ದಿನ ನಿಲ್ಲುತ್ತದೆ. ಯಾವ ಗುರುತೂ ಇಲ್ಲದೆ ಇಂಗ್ಲಿಷಿನಲ್ಲಿ ‘ಉತ್ತಮ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್’ ಎಂದಷ್ಟೇ ಬರೆದಿದ್ದರೆ ಮಾರುವವರು ಏನನ್ನೂ ಹೇಳಿಲ್ಲವೆಂದೇ ತಿಳಿಯಬೇಕು.

ಗುರುತು ಇಲ್ಲದ ಕಡೆ ಒಂದು ಸಣ್ಣ ಅಯಸ್ಕಾಂತ ಜೊತೆಗಿರಲಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥದ್ದೇ ಸಾಕು. ತಟ್ಟೆಯ 304 ಸ್ಟೀಲನ್ನು ಅದು ಹಿಡಿಯುವುದೇ ಇಲ್ಲ, ಹಿಡಿದರೂ ಜಾರುತ್ತದೆ. ಗಡುಸು ಮಾಡಬಲ್ಲ ಉಕ್ಕನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹಿಡಿದ ಮಾತ್ರಕ್ಕೆ ಒಳ್ಳೆಯ ಚಾಕು ಎನ್ನಲಾಗದು, ಸಾದಾ ಕಬ್ಬಿಣವನ್ನೂ ಅದು ಹಿಡಿಯುತ್ತದೆಯಲ್ಲ. ಹಿಡಿಯದ ಲೋಹದ ಚಾಕುವನ್ನಂತೂ ಅಲ್ಲಿಯೇ ಬಿಟ್ಟುಬರಬಹುದು. ಬಿಳಿಯ ಸೆರಾಮಿಕ್ ಚಾಕುವಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ. ಅದು ಬಹಳ ಹರಿತ, ಅಷ್ಟೇ ಪೆಡಸು. ನೆಲಕ್ಕೆ ಬಿದ್ದರೆ ಚೂರಾಗುತ್ತದೆ, ಮನೆಯ ಸಾಣೆಕಲ್ಲಿಗೆ ಮಣಿಯುವುದೂ ಇಲ್ಲ. ಅದನ್ನು ಕೊಳ್ಳಿರೆಂದು ನಾನು ಯಾರಿಗೂ ಹೇಳುವುದಿಲ್ಲ.

ಅಲಗಿನ ಮೇಲೆ ನೀರಿನ ಅಲೆಗಳಂಥ ಗೆರೆಗಳಿರುವ ಚಾಕುಗಳು ಈಗ ಅಗ್ಗವಾಗಿಯೂ ಸಿಗುತ್ತಿವೆ. ಡಮಾಸ್ಕಸ್ ಎಂದು ಹೆಸರು ಹೇಳಿ ಮಾರುತ್ತಾರೆ. ಈ ಹೆಸರು ಎಲ್ಲಿಂದ ಬಂತು ಎಂಬುದನ್ನು ನಮ್ಮ ಭಾಗದವರು ತಿಳಿದಿರಬೇಕು. ಅಂಥ ಗೆರೆ ಮೂಡಿಸುತ್ತಿದ್ದ ಉಕ್ಕನ್ನು ಮೂಸೆಯಲ್ಲಿ ಕರಗಿಸಿ ತಯಾರಿಸುತ್ತಿದ್ದವರು ನಮ್ಮ ದಖ್ಖನಿನ ಕಮ್ಮಾರರು. ಬೀದರಿನ ಆಚೆಗೆ, ಈಗಿನ ತೆಲಂಗಾಣದ ನಿಜಾಮಾಬಾದ್ ಸೀಮೆಯ ಕೋನಸಮುದ್ರಂ ಎಂಬ ಊರಿಗೆ ಈ ಉಕ್ಕನ್ನು ಕೊಳ್ಳಲು ಪರ್ಷಿಯಾದ ವ್ಯಾಪಾರಿಗಳು ಬರುತ್ತಿದ್ದರೆಂದು 19ನೇ ಶತಮಾನದಲ್ಲಿ ಕಣ್ಣಾರೆ ಕಂಡವರು ಬರೆದಿಟ್ಟಿದ್ದಾರೆ. ಆ ಗೆರೆಗಳು ಉಕ್ಕಿನ ಒಡಲಿನಲ್ಲೇ ಇದ್ದವು. ಈಗಿನ ಅಗ್ಗದ ಚಾಕುಗಳಲ್ಲಿ ಬಹುಪಾಲಿನವುಗಳ ಮೇಲೆ ಯಂತ್ರದಿಂದ ಗೆರೆ ಸುಟ್ಟಿರುತ್ತಾರೆ. ಒಳಗಿನ ಉಕ್ಕು ಅದೇ ಹೆಸರಿಲ್ಲದ ಉಕ್ಕು. ದಖ್ಖನಿನ ಹೆಮ್ಮೆಯನ್ನು ಚಿತ್ರವಾಗಿ ಅಂಟಿಸಿ ದಖ್ಖನಿನವರಿಗೇ ಮಾರುವುದನ್ನು ಕಂಡಾಗ ಕಮ್ಮಾರರ ಮಗಳಾದ ನನಗೆ ಸಂಕಟವಾಗುತ್ತದೆ.

ಗಡುಸು ಹೆಚ್ಚಾದಷ್ಟೂ ಒಳ್ಳೆಯದು ಎಂದೂ ತಿಳಿಯಬಾರದು. ಉಕ್ಕಿನ ಗಡುಸನ್ನು ರಾಕ್‌ವೆಲ್ ಎಂಬ ಮಾಪನದಲ್ಲಿ ಅಳೆಯುತ್ತಾರೆ. ಜರ್ಮನ್ ರೀತಿಯ ಚಾಕುಗಳು ಸಾಮಾನ್ಯವಾಗಿ 54ರಿಂದ 58ರ ನಡುವೆ ಇರುತ್ತವೆ, ಜಪಾನಿನ ಹಲವು ಚಾಕುಗಳು 60ನ್ನು ದಾಟುತ್ತವೆ. ಜಪಾನಿನ ಚಾಕು ತೆಳ್ಳಗೆ, ಅದ್ಭುತವಾಗಿ ಹರಿತ. ಮೀನು ಕೊಯ್ಯುವವರಿಗೆ ಅದರಂಥದ್ದು ಇನ್ನೊಂದಿಲ್ಲ. ಆದರೆ ನಾವು ಹೆಚ್ಚುವುದೇನು? ಎಳ್ಳ ಅಮಾವಾಸ್ಯೆಯ ಭಜ್ಜಿಯನ್ನೇ ತೆಗೆದುಕೊಳ್ಳಿ. ಕಲಬುರಗಿ, ಬೀದರ್ ಸೀಮೆಯಲ್ಲಿ ಹೊಲಕ್ಕೆ ಒಯ್ಯುವ ಆ ಒಂದು ಪಲ್ಯಕ್ಕೆ ಹಸಿ ಕಾಳು, ಹತ್ತು ಬಗೆಯ ಸೊಪ್ಪು, ಗಜ್ಜರಿ, ಬದನೆ, ಕುಂಬಳ ಎಲ್ಲವೂ ಬೀಳುತ್ತವೆ. ಮೆಂತ್ಯವನ್ನು ಜಜ್ಜದಂತೆ ಸಣ್ಣಗೆ ಹೆಚ್ಚಬೇಕು, ಮರುಕ್ಷಣ ಬಲಿತ ಕುಂಬಳದ ಸಿಪ್ಪೆಯನ್ನು ಒತ್ತಿ ಸೀಳಬೇಕು. ಅತಿ ಗಡುಸಿನ ತೆಳು ಅಂಚು ಕುಂಬಳದ ಸಿಪ್ಪೆಗೆ ಓರೆಯಾಗಿ ಸಿಕ್ಕರೆ ಚಕ್ಕೆ ಏಳುತ್ತದೆ, ಆ ಚಕ್ಕೆ ಪಲ್ಯಕ್ಕೆ ಸೇರುತ್ತದೆ. ನಮ್ಮ ಅಡುಗೆಗೆ 56, 57ರ ಆಸುಪಾಸಿನ, ಕೊಂಚ ಮಣಿಯುವ ಉಕ್ಕೇ ಹೊಂದುತ್ತದೆ. ಅಂಚು ಸ್ವಲ್ಪ ಬೇಗ ಮೊಂಡಾದೀತು, ಸಾಣೆಗೂ ಅಷ್ಟೇ ಬೇಗ ಬಗ್ಗುತ್ತದೆ.

ಎಷ್ಟು ಚಾಕು ಬೇಕು? ಸೆಟ್ಟಿನಲ್ಲಿರುವ ಆರೋ ಎಂಟೋ ಖಂಡಿತ ಬೇಡ. ಅಗಲ ಅಲಗಿನ ಒಂದು ದೊಡ್ಡ ಚಾಕು, ಒಂದು ಚಿಕ್ಕ ಚಾಕು. ಮನೆಯ ಅಡುಗೆಯ ಬಹುಪಾಲು ಈ ಎರಡರಲ್ಲಿ ಮುಗಿಯುತ್ತದೆ. ದೊಡ್ಡದು 20 ಸೆಂಟಿಮೀಟರ್ ಅಲಗಿನದಾಗಿರಲಿ ಎಂದು ಪರದೇಶದ ಬಾಣಸಿಗರು ಹೇಳುತ್ತಾರೆ. ನಮ್ಮ ಹೆಣ್ಣುಮಕ್ಕಳ ಕೈಗೆ, ನಮ್ಮ ಇಕ್ಕಟ್ಟಾದ ಕಟ್ಟೆಗೆ 16ರಿಂದ 18 ಸೆಂಟಿಮೀಟರ್ ಅಲಗು ಹಗುರವಾಗುತ್ತದೆ. ಅಂಚು ಹೆಚ್ಚು ಬಾಗಿರದೆ ನೇರಕ್ಕೆ ಹತ್ತಿರವಿದ್ದರೆ ಸೊಪ್ಪು ಹೆಚ್ಚಲು ಬಹಳ ಅನುಕೂಲ. ಬಾಗಿದ್ದರೆ ಸೊಪ್ಪಿನ ಎಳೆಗಳು ಕತ್ತರಿಸದೆ ಹಾಗೇ ಜೋತುಕೊಂಡಿರುತ್ತವೆ. ಚಿಕ್ಕದು 8ರಿಂದ 10 ಸೆಂಟಿಮೀಟರ್. ಎಣಗಾಯಿಗೆ ಬದನೆಯ ತೊಟ್ಟು ಉಳಿಸಿ ನಾಲ್ಕು ಸೀಳು ಮಾಡುವಾಗ, ಮೆಣಸಿನಕಾಯಿಯ ಬೀಜ ತೆಗೆಯುವಾಗ, ಸಿಪ್ಪೆ ಹೆರೆಯುವಾಗ ದೊಡ್ಡ ಚಾಕು ಕೈಗೆ ಒಗ್ಗುವುದಿಲ್ಲ. ಮೂಳೆಗೆ ಇವೆರಡನ್ನೂ ಮುಟ್ಟಿಸಬಾರದು. ಮಟನ್ ಕಡಿಸುವುದನ್ನು ಅಂಗಡಿಯವರ ಕತ್ತಿಗೆ ಬಿಡಬೇಕು. ಬಣ್ಣದ ಪ್ಲಾಸ್ಟಿಕ್ ಹಿಡಿಯ, ಹಲ್ಲು ಹಲ್ಲಾದ ಅಂಚಿನ ಅಗ್ಗದ ಚಾಕು ಬೀದಿಯ ಗಾಡಿಗಳಲ್ಲೂ ಸಿಗುತ್ತದೆ. ಅದನ್ನು ನಾನು ಹಳಿಯುವುದಿಲ್ಲ. ಟೊಮೆಟೊ, ಬ್ರೆಡ್ಡು ಅದರಲ್ಲಿ ಚೆನ್ನಾಗಿ ಕತ್ತರಿಸಬಹುದು. ನಿಮ್ಮ ಪುರವಣಿ ಹೊಗಳಿದ ‘ಎಂದೂ ಸಾಣೆ ಬೇಡ’ ಎಂಬ ಚಾಕುಗಳ ಗುಟ್ಟೂ ಸಾಮಾನ್ಯವಾಗಿ ಆ ಹಲ್ಲುಗಳೇ. ಹಲ್ಲು ಸವೆಯುವ ತನಕ ಗರಗಸದಂತೆ ಕೊಯ್ಯುತ್ತವೆ, ಸವೆದ ಮೇಲೆ ಮನೆಯಲ್ಲಿ ಸಾಣೆ ಹಿಡಿಯಲು ಬರುವುದಿಲ್ಲ, ಎಸೆಯಬೇಕು. ಸಾಣೆಯೇ ಬೇಡ ಎನ್ನುವುದಕ್ಕಿಂತ ಸಾಣೆ ಹಿಡಿಯಲಾಗದು ಎಂದು ಬರೆದಿದ್ದರೆ ಸತ್ಯಕ್ಕೆ ಹತ್ತಿರವಾಗಿರುತ್ತಿತ್ತು.

ಲೇಪದ ವಿಷಯ ನನ್ನ ಮಗಳ ಮನೆಯಲ್ಲಿ ಕಂಡದ್ದು. ಅವಳ ಗೃಹಪ್ರವೇಶಕ್ಕೆ ಬಂದ ಕಪ್ಪು ಲೇಪದ ಸೆಟ್ಟಿನಲ್ಲಿ ದಿನವೂ ಬಳಸಿದ ಚಾಕುವಿನ ಅಂಚಿನ ಉದ್ದಕ್ಕೂ ಲೇಪ ಎದ್ದು ಹೋಯಿತು. ಸಾಣೆ ಹಿಡಿದಾಗ ಮತ್ತಷ್ಟು ಹೋಯಿತು. ಆಗ ಕೆಳಗೆ ಕಂಡ ಲೋಹ ಕಲ್ಲಿನ ಮೇಲೆ ಎಷ್ಟು ಹೊತ್ತು ಉಜ್ಜಿದರೂ ಹರಿತ ಹಿಡಿಯಲಿಲ್ಲ. ಆ ಸೆಟ್ಟಿಗೆ ಕೊಟ್ಟ ಹಣದಲ್ಲಿ ಒಂದು ಒಳ್ಳೆಯ ಚಾಕು ಮತ್ತು ಎರಡು ಬದಿಯ ಸಾಣೆಕಲ್ಲು ಬರುತ್ತಿದ್ದವು.

ಕೈಯಲ್ಲಿ ಹಿಡಿದು ನೋಡದೆ ಚಾಕು ಕೊಳ್ಳಬೇಡಿ ಎಂದು ಓದುಗರಿಗೆ ಹೇಳಬಯಸುತ್ತೇನೆ. ಮೊಬೈಲಿನಲ್ಲಿ ಕಾಣುವ ಚಿತ್ರ ತೂಕವನ್ನು ಹೇಳುವುದಿಲ್ಲ. ಹೆಬ್ಬೆರಳು, ತೋರುಬೆರಳುಗಳಿಂದ ಅಲಗಿನ ಬುಡವನ್ನೇ ಚಿವುಟಿದಂತೆ ಹಿಡಿದು, ಉಳಿದ ಮೂರು ಬೆರಳನ್ನು ಹಿಡಿಗೆ ಸುತ್ತಬೇಕು. ಹೀಗೆ ಹಿಡಿದಾಗ ಮುಂದಕ್ಕೂ ವಾಲದೆ ಹಿಂದಕ್ಕೂ ಜಗ್ಗದೆ ನಿಂತರೆ ಆ ಚಾಕು ನಿಮ್ಮ ಕೈಗೆ ಹೊಂದುತ್ತದೆ. ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಒಂದೇ ಪಟ್ಟಿಯಾಗಿ ಹೋಗಿದೆಯೇ, ಎರಡೂ ಬದಿಯ ಮರವನ್ನು ರಿವೆಟ್ ಹೊಡೆದು ಕೂರಿಸಿದ್ದಾರೆಯೇ ಎಂದು ನೋಡಿ. ಅಲಗಿಗೂ ಹಿಡಿಗೂ ನಡುವೆ ಉಗುರು ತೂರುವಷ್ಟು ಸಂದಿ ಇದ್ದರೆ ಅಲ್ಲಿ ನೀರು, ಹಿಟ್ಟು, ಮಾಂಸದ ರಸ ಸೇರಿ ಕೊಳೆಯುತ್ತದೆ. ಅಲಗಿನ ಬೆನ್ನನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೆಟ್ಟಗಿದೆಯೇ ಎಂದು ಪರೀಕ್ಷಿಸಿ. ಕಾಗದ ಕತ್ತರಿಸಿ ತೋರಿಸುವುದನ್ನು ನಂಬಬೇಡಿ, ಹೊಸ ಚಾಕು ಯಾವುದಾದರೂ ಕಾಗದ ಕತ್ತರಿಸುತ್ತದೆ.

ಮನೆಗೆ ತಂದ ಮೇಲೆ ಚಾಕುವನ್ನು ಹಾಳು ಮಾಡುವುದು ನಮ್ಮ ಅಡುಗೆ ಕಟ್ಟೆ. ಕಲಬುರಗಿಯಲ್ಲಿ ಹಳೆಯ ಮನೆಗಳ ಕಟ್ಟೆಗೆಲ್ಲ ಶಹಾಬಾದ್ ಕಲ್ಲು, ಹೊಸ ಮನೆಗಳಿಗೆ ಗ್ರಾನೈಟ್. ಎರಡರ ಮೇಲೂ ನೇರವಾಗಿ ಹೆಚ್ಚಬಾರದು. ಕಲ್ಲಿಗೆ ತಾಗಿದ ಅಂಚು ಒಂದೇ ದಿನದಲ್ಲಿ ಮಡಚುತ್ತದೆ. ಗಾಜಿನ ಹಲಗೆಯೂ ಬೇಡ, ಸ್ಟೀಲಿನ ಹಲಗೆಯೂ ಬೇಡ. ಮರದ ಮಣೆ ಸಾಕು. ಕಟುಕರು ತಲೆತಲಾಂತರದಿಂದ ಹುಣಸೆ ಮರದ ಕೊರಡನ್ನೇ ಬಳಸುತ್ತಾರೆ. ಮರ ಅಲಗನ್ನು ಕೆಡಿಸುವುದಿಲ್ಲ, ಹುಣಸೆ ಬೇಗ ಸವೆಯುವುದೂ ಇಲ್ಲ. ನಮ್ಮ ಕೊಳವೆಬಾವಿಯ ನೀರಿನಲ್ಲಿ ಉಪ್ಪಿನಂಶ ಹೆಚ್ಚು. ತೊಳೆದ ಚಾಕುವನ್ನು ಸಿಂಕಿನಲ್ಲಿ ಬಿಟ್ಟರೆ ಸ್ಟೇನ್‌ಲೆಸ್ ಕೂಡ ಚುಕ್ಕೆ ಚುಕ್ಕೆಯಾಗಿ ತುಕ್ಕು ತಿನ್ನುತ್ತದೆ. ತೊಳೆದ ಕೂಡಲೇ ಒರೆಸಿಡಬೇಕು.

ಸಾಣೆಯ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ಒಳ್ಳೆಯ ಚಾಕು ಕೊಂಡವರೂ ಇಲ್ಲಿ ಸೋಲುತ್ತಾರೆ. ಮೊಂಡು ಚಾಕು ಅಪಾಯಕಾರಿ. ಹರಿತ ಚಾಕು ಇಟ್ಟ ಜಾಗದಲ್ಲೇ ಇಳಿಯುತ್ತದೆ. ಮೊಂಡಾದದ್ದನ್ನು ಒತ್ತಬೇಕಾಗುತ್ತದೆ, ಒತ್ತಿದಾಗ ಉಳ್ಳಾಗಡ್ಡಿಯ ಮೇಲಿಂದ ಜಾರಿ ಬೆರಳಿಗೆ ಬರುತ್ತದೆ. ನಮ್ಮ ಖಾನಾವಳಿಯಲ್ಲಿ ಹೆಣ್ಣುಮಕ್ಕಳಿಗೆ ಆದ ಗಾಯಗಳೆಲ್ಲ ಮೊಂಡು ಚಾಕುವಿನವು. ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣು ಉರಿಯುವುದಕ್ಕೂ ಇದಕ್ಕೂ ಸಂಬಂಧವಿದೆ. ಮೊಂಡು ಅಲಗು ಗಡ್ಡೆಯ ಜೀವಕೋಶಗಳನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಜಜ್ಜುತ್ತದೆ, ಕಣ್ಣು ಕೆಣಕುವ ಅನಿಲ ಆಗ ಹೆಚ್ಚು ಹೊರಬರುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬದಿ ಒರಟು, ಇನ್ನೊಂದು ಬದಿ ನಯ ಇರುವ ಸಾಣೆಕಲ್ಲು ಸಿಗುತ್ತದೆ. ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯ ಮೇಲೆ ಜಾರದಂತೆ ಇಡಬೇಕು. ಅಲಗನ್ನು ಮೊದಲು ಕಲ್ಲಿನ ಮೇಲೆ ಲಂಬವಾಗಿ ನಿಲ್ಲಿಸಿ, ಅದರ ಅರ್ಧಕ್ಕೆ ಬಾಗಿಸಿ, ಆ ಅರ್ಧದ ಅರ್ಧಕ್ಕೆ ಮತ್ತೆ ಬಾಗಿಸಿದರೆ 22 ಡಿಗ್ರಿ ಆಗುತ್ತದೆ. ಇನ್ನು ಕೊಂಚವೇ ಇಳಿಸಿದರೆ 15ರಿಂದ 20 ಡಿಗ್ರಿಯ ನಡುವೆ ಬರುತ್ತೀರಿ, ಅಡುಗೆ ಚಾಕುವಿಗೆ ಬೇಕಾದದ್ದು ಅಷ್ಟೇ. ಅಗಲ ಅಲಗಿನ ಚಾಕುವಾದರೆ ಬೆನ್ನಿನ ಕೆಳಗೆ ಕಿರುಬೆರಳು ತೂರುವಷ್ಟು ಎತ್ತರ. ಒಂದು ಬದಿಯನ್ನು ಉಜ್ಜುತ್ತ ಹೋದಂತೆ ಇನ್ನೊಂದು ಬದಿಯ ಅಂಚಿನಲ್ಲಿ ಬೆರಳಿಗೆ ಸಣ್ಣ ಒರಟು ಹತ್ತುತ್ತದೆ. ಅದು ಇಡೀ ಉದ್ದಕ್ಕೂ ಹತ್ತಿದ ಮೇಲೆ ತಿರುಗಿಸಿ, ಕೊನೆಗೆ ನಯವಾದ ಬದಿಯಲ್ಲಿ ಹಗುರವಾಗಿ ಎಳೆಯಬೇಕು. ಬೆರಳನ್ನು ಅಂಚಿನ ಉದ್ದಕ್ಕೆ ಸವರಬೇಡಿ, ಅಡ್ಡಕ್ಕೆ ಮಾತ್ರ. ಕಲ್ಲು ಇಲ್ಲದ ದಿನ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ತಳದ ಒರಟು ಬಳೆಯ ಮೇಲೆ ಹಗುರವಾಗಿ ಎಳೆದುಕೊಳ್ಳಬಹುದು.

ಎಲ್ಲರೂ ಇದನ್ನು ಮಾಡಲಾರರು. ವಯಸ್ಸಾದವರಿದ್ದಾರೆ, ಎರಡು ಪಾಳಿ ದುಡಿಯುವವರಿದ್ದಾರೆ. ಅವರಿಗಾಗಿ ನಮ್ಮ ಊರಿನಲ್ಲಿ ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಓಣಿ ಓಣಿ ತಿರುಗುವವರಿದ್ದರು. ಸ್ಟ್ಯಾಂಡ್ ಹಾಕಿ, ಪೆಡಲ್ ತುಳಿದು ಚಕ್ರ ತಿರುಗಿಸುತ್ತಿದ್ದರು. ನಮ್ಮ ಖಾನಾವಳಿಗೆ ಬರುತ್ತಿದ್ದ ಚಾಚಾ ಪಕ್ಕದಲ್ಲೊಂದು ನೀರಿನ ಡಬ್ಬಿ ಇಟ್ಟುಕೊಂಡು, ಎರಡು ಮೂರು ಎಳೆತಕ್ಕೊಮ್ಮೆ ಅಲಗನ್ನು ಅದ್ದುತ್ತಿದ್ದರು. ‘ಬಿಸಿ ಏರಲು ಬಿಡಬಾರದಮ್ಮ, ನೀಲಿ ಬಂತೆಂದರೆ ನಿಮ್ಮ ಚಾಕು ಹೋಯಿತು’ ಎನ್ನುತ್ತಿದ್ದರು. ಅಪ್ಪನ ಕುಲುಮೆಯ ಮಾತನ್ನೇ ಅವರೂ ಹೇಳುತ್ತಿದ್ದರು: ಅಂಚು ನೀಲಿಗಟ್ಟಿದರೆ ಹದ ಇಳಿದು ಉಕ್ಕು ಮೆತ್ತಗಾಗುತ್ತದೆ. ಈಗ ವಿದ್ಯುತ್ ಗ್ರೈಂಡರಿಗೆ ಒಣದಾಗಿ ಒತ್ತಿ, ಕಿಡಿ ಹಾರಿಸಿ ಒಂದು ನಿಮಿಷದಲ್ಲಿ ಕೊಟ್ಟುಬಿಡುವವರೇ ಹೆಚ್ಚು. ಚಾಕುವನ್ನು ಅವರ ಕೈಗೆ ಕೊಡುವಾಗ ‘ನೀರು ಅದ್ದಿ ಹಿಡಿಯಿರಿ’ ಎಂದು ಕೇಳಿ, ಒಪ್ಪದಿದ್ದರೆ ಕೊಡಬೇಡಿ. ಚಾಚಾ ಈಗ ಬರುವುದಿಲ್ಲ. ಮಾರುಕಟ್ಟೆಯ ಹತ್ತಿರ ಅವರು ನಿಲ್ಲುತ್ತಿದ್ದ ಮೂಲೆಯೂ ಅವರಿಗೆ ಉಳಿಯಲಿಲ್ಲ.

ಕಮ್ಮಾರರ ಸ್ಥಿತಿಯೂ ಹಾಗೆಯೇ. ಶರಣಬಸವೇಶ್ವರ ಜಾತ್ರೆಯಲ್ಲಿ ಈಳಿಗೆ, ಕುಡಗೋಲು, ಕುರ್ಚಿಗೆಗಳನ್ನು ಹರಡಿಕೊಂಡು ಕೂರುವವರನ್ನು ಓದುಗರು ನೋಡಿರಬಹುದು. ಅವರ ಬಳಿ ಸಿಗುವ ಕಬ್ಬಿಣದ ಚಾಕು ಒರಟಾಗಿ ಕಾಣುತ್ತದೆ, ತುಕ್ಕೂ ಹಿಡಿಯುತ್ತದೆ, ಬದನೆಕಾಯಿಯನ್ನು, ಹುಳಿಯಿರುವ ಪುಂಡಿಯನ್ನು ಕಪ್ಪಾಗಿಸುತ್ತದೆ. ಆ ಎರಡಕ್ಕೆ ಸ್ಟೇನ್‌ಲೆಸ್ ಬಳಸಿ. ಉಳ್ಳಾಗಡ್ಡಿ, ಗಜ್ಜರಿ, ಕುಂಬಳ, ಮಾಂಸಕ್ಕೆ ಕಮ್ಮಾರನ ಕೈಯ ಹದವಾದ ಚಾಕುವಿಗೆ ಸಾಟಿಯಾದ ಅಗ್ಗದ ಸೆಟ್ಟನ್ನು ನಾನು ಕಂಡಿಲ್ಲ. ಒರೆಸಿ ಒಂದು ಹನಿ ಎಣ್ಣೆ ಸವರಿಟ್ಟರೆ ತುಕ್ಕು ಬಾರದು. ಕೊಳ್ಳುವ ಮುಂಚೆ ‘ಯಾವ ಪಟ್ಟಿಯಿಂದ ಮಾಡಿದಿರಿ, ಹದ ಹಾಕಿದ್ದೀರಾ’ ಎಂದು ಕೇಳಿ. ಕಸುಬು ಬಲ್ಲವರು ಸಂತೋಷದಿಂದ ಹೇಳುತ್ತಾರೆ, ಅಂಗಡಿಯ ಹುಡುಗರಿಗೆ ಉತ್ತರ ಗೊತ್ತಿರುವುದಿಲ್ಲ.

ಜರ್ಮನಿಯಲ್ಲಿ ಜೋಲಿಂಗನ್ ಎಂಬ ಊರಿನ ಹೆಸರನ್ನು ಆ ಊರಿನ ಚಾಕು, ಕತ್ತರಿಗಳ ಮೇಲೆ ಬಿಟ್ಟು ಬೇರೆ ಕಡೆ ಹಾಕದಂತೆ 1938ರಿಂದಲೇ ಕಾನೂನಿನ ರಕ್ಷಣೆಯಿದೆ. ನಮ್ಮ ದೇಶದಲ್ಲೂ ಮೀರತ್‌ನ ಕತ್ತರಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಬೀದರಿನ ಬಿದ್ರಿಗೆ, ಕಲಬುರಗಿಯ ತೊಗರಿಗೆ ಸಿಕ್ಕಿದೆ. ಇವು ನಮಗೆ ಹೆಮ್ಮೆ. ಅದೇ ನೆಲದ ಕಮ್ಮಾರರಿಗೆ ಅಂಥ ದೊಡ್ಡ ಮಾನ್ಯತೆಯನ್ನು ನಾನು ಈಗ ಕೇಳುತ್ತಿಲ್ಲ. ಇರುವ ಕಾನೂನು, ಇರುವ ಯೋಜನೆ ಅವರಿಗೆ ತಲುಪಲಿ ಎಂದಷ್ಟೇ ಕೇಳುತ್ತೇನೆ.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯು ಸರಕು ಮಾರುವವರನ್ನು ಮಾತ್ರವಲ್ಲದೆ ಬೀದಿಯಲ್ಲಿ ಜನರಿಗೆ ಸೇವೆ ಒದಗಿಸುವವರನ್ನೂ ವ್ಯಾಪಾರಿಗಳೆಂದೇ ಪರಿಗಣಿಸುತ್ತದೆ. ಸಾಣೆ ಹಿಡಿಯುವವರಿಗೆ ಇದು ಅನ್ವಯಿಸುತ್ತದೆ. ಕಣ್ಣಿ ಮಾರ್ಕೆಟ್, ಸೂಪರ್ ಮಾರ್ಕೆಟ್, ನೆಹರೂ ಗಂಜ್ ಈ ಮೂರು ಕಡೆ ಸಾಣೆಯವರಿಗೆ ಒಂದೊಂದು ನಿಗದಿತ ಜಾಗ, ಗುರುತಿನ ಚೀಟಿ, ಹತ್ತಿರದಲ್ಲೊಂದು ನಲ್ಲಿ ಒದಗಿಸುವಂತೆ ಮಹಾನಗರ ಪಾಲಿಕೆಯನ್ನು ಕೋರುತ್ತೇನೆ. ನಲ್ಲಿಯನ್ನು ಏಕೆ ಕೇಳಿದೆನೆಂದು ಮೇಲೆ ಓದಿದವರಿಗೆ ತಿಳಿದಿರುತ್ತದೆ. ವಾರದಲ್ಲಿ ಯಾವ ದಿನ ಎಲ್ಲಿ ಸಿಗುತ್ತಾರೆಂಬುದು ಗೊತ್ತಿದ್ದರೆ ಖಾನಾವಳಿಯವರು, ದರ್ಜಿಗಳು, ಮಾಂಸದ ಅಂಗಡಿಯವರು, ಮನೆಯವರು ಎಲ್ಲರೂ ಹೋಗುತ್ತಾರೆ.

2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆ ಇದೆ. ಉಪಕರಣಗಳಿಗೆ 15,000 ರೂಪಾಯಿಯವರೆಗೆ ನೆರವು, ಮೊದಲ ಹಂತದಲ್ಲಿ 1 ಲಕ್ಷ, ನಂತರ 2 ಲಕ್ಷ ರೂಪಾಯಿಯವರೆಗೆ ಶೇ 5ರ ಬಡ್ಡಿಯಲ್ಲಿ ಸಾಲ ಅದರಲ್ಲಿದೆ. ಸಾಣೆ ಹಿಡಿಯುವ ಕಸುಬು ಆ ಪಟ್ಟಿಯಲ್ಲಿಲ್ಲ. ಸೇರಿಸಬೇಕೆಂದು ನಮ್ಮ ಜನಪ್ರತಿನಿಧಿಗಳು ಕೇಳಬೇಕು. ಜಿಲ್ಲೆಯ ಐಟಿಐಗಳಲ್ಲಿ ಲೋಹದ ಗಡುಸು, ಹದ ಇವೆಲ್ಲವನ್ನೂ ಕಲಿಸುತ್ತಾರೆ. ಹಳ್ಳಿಯ ಕಮ್ಮಾರರನ್ನು ಒಂದು ವಾರ ಅಲ್ಲಿಗೆ ಕರೆಸಿ, ಅವರ ಅಲಗುಗಳ ಗಡುಸನ್ನು ಅಳೆದು ತೋರಿಸಿದರೆ ಎಷ್ಟು ಜನರ ಕೈ ಈಗಾಗಲೇ ಕಾರ್ಖಾನೆಗೆ ಸಮನಾಗಿದೆ ಎಂಬುದು ಅವರಿಗೂ ಕಲಿಸುವವರಿಗೂ ತಿಳಿಯುತ್ತದೆ.

ಪಾತ್ರೆ ಅಂಗಡಿಗಳ ಮಾಲೀಕರಲ್ಲೂ ಒಂದು ವಿನಂತಿ. ಪೊಟ್ಟಣದ ಮೇಲೆ ತಯಾರಕರ ಹೆಸರು, ಬೆಲೆ, ಆಮದಾಗಿದ್ದರೆ ಯಾವ ದೇಶದ್ದು ಎಂಬುದನ್ನು ಮುದ್ರಿಸಲೇಬೇಕೆಂದು ನಿಯಮವಿದೆ. ಉಕ್ಕಿನ ದರ್ಜೆ, ಗಡುಸಿನ ಅಂಕಿ ಇವೆರಡನ್ನು ಯಾರೂ ಕೇಳದ ಕಾರಣ ಮುದ್ರಿಸುವುದಿಲ್ಲ. ಇವನ್ನು ಬರೆದಿರುವ ಚಾಕುಗಳನ್ನು ಒಂದು ಸಾಲಿನಲ್ಲಿ ಬೇರೆಯಾಗಿ ಇಡಿ. ಹುಡುಗರಿಗೆ ಓದಿ ಹೇಳಲು ಕಲಿಸಿ. ನಾವು ಹೆಣ್ಣುಮಕ್ಕಳು ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ಕೇಳುವುದನ್ನು ಕಲಿತೆವು, ಉಕ್ಕಿನದ್ದನ್ನೂ ಕೇಳುತ್ತೇವೆ.

ನಿಮ್ಮ ಪುರವಣಿಯ ಸಂಪಾದಕರು ಮುಂದಿನ ಸಲ ಅಡುಗೆ ಸಲಕರಣೆಗಳ ಬಗ್ಗೆ ಬರೆಸುವಾಗ ಒಬ್ಬ ಕಮ್ಮಾರರನ್ನೂ ಒಬ್ಬ ಸಾಣೆಯವರನ್ನೂ ಮಾತನಾಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಜಾಗದ ಬಗ್ಗೆ ಪಾಲಿಕೆಯಿಂದ ಉತ್ತರ ಬಂದರೆ ದಯವಿಟ್ಟು ಅದನ್ನು ಇದೇ ಅಂಕಣದಲ್ಲಿ ಪ್ರಕಟಿಸಿ. ಶಹಾಬಜಾರಿನ ನಾಲ್ಕಾರು ಖಾನಾವಳಿಗಳವರು ಸೇರಿ ಮನವಿ ಪತ್ರವನ್ನು ಸಿದ್ಧಪಡಿಸಿದ್ದೇವೆ, ಈ ವಾರ ಕೊಡಲಿದ್ದೇವೆ.

ಇಂತಿ,
ಖಾನಾವಳಿ ನಡೆಸುವ ಓದುಗರೊಬ್ಬರು
ಶಹಾಬಜಾರ್, ಕಲಬುರಗಿ